‘ಹೊಂದಿಕೊಳ್ಳುವುದು’ ಎಂಬ ಮಾತು: ‘ಕರ್ವಾಲೊ’ ಮತ್ತು ವಿಕಾಸವಾದದ ಪಾಠ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ವಿಮರ್ಶೆ ನಡೆದಿದೆ. ಆದರೆ ಹದಿನೈದು ವರ್ಷದ ಮಕ್ಕಳಿಗೆ ಜೀವವಿಕಾಸವನ್ನು ಪರಿಚಯಿಸಲೆಂದು ಇದೇ ಪುಸ್ತಕವನ್ನು ಕೈಗಿತ್ತಾಗ, ಅದು ಏನನ್ನು ಕಲಿಸುತ್ತದೆ, ಏನನ್ನು ಕಲಿಸದೆ ಬಿಡುತ್ತದೆ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಿಗಂತೂ ಇದು ಮನೆಯ ಪ್ರಶ್ನೆಯೇ ಸರಿ. ಮಹಾರಾಷ್ಟ್ರವು ೨೦೧೮ರಲ್ಲಿ ಹೊರತಂದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಎರಡನೆಯ ಭಾಗವು ಆನುವಂಶಿಕತೆ ಮತ್ತು ವಿಕಾಸದ ಪಾಠದಿಂದಲೇ ಮೊದಲಾಗುತ್ತದೆ. ಕೇಂದ್ರದ ಪಠ್ಯಕ್ರಮವಾದರೋ ಅದೇ ತರಗತಿಯ ೨೦೨೩ರ ಆವೃತ್ತಿಯಲ್ಲಿ ವಿಕಾಸದ ಭಾಗವನ್ನು ಕೈಬಿಟ್ಟಿತು. ಒಂದೇ ಕಟ್ಟಡದ ಎರಡು ಮನೆಗಳ ಮಕ್ಕಳು ಡಾರ್ವಿನ್ನನ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿಯುವಂತಾದಾಗ, ಸಾಹಿತ್ಯವು ಆ ಕೊರತೆಯನ್ನು ತುಂಬಬಹುದೇ ಎಂದು ಕೇಳುವುದು ಸಹಜ.

‘ಕರ್ವಾಲೊ’ದ ಗುಣ ನಿರ್ವಿವಾದವಾದುದು. ವಿಜ್ಞಾನಿಯಾದವನು ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಕಾಡಿಗೆ ಹೊರಡುತ್ತಾನೆ. ನೋಡುವುದೇ ಅರಿವಿನ ಮೊದಲ ಮೆಟ್ಟಿಲೆಂಬುದನ್ನು ಇದಕ್ಕಿಂತ ಸೊಗಸಾಗಿ ಹೇಳಿದ ಕನ್ನಡ ಕೃತಿ ವಿರಳ. ಆದರೆ ಅಲ್ಲಿ ಹಾರುವ ಓತಿಯು ಅನಾದಿ ಕಾಲದ ವಿಸ್ಮಯವಾಗಿ ಗೋಚರಿಸುತ್ತದೆ. ವಾಸ್ತವದಲ್ಲಿ ಪಕ್ಕೆಲುಬುಗಳ ಮೇಲೆ ಹಬ್ಬಿದ ಚರ್ಮದ ಪೊರೆಯನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಈ ಜೀವಿ ನಮ್ಮ ಅಡಕೆ ತೋಟಗಳಲ್ಲಿ ಇಂದಿಗೂ ಇದೆ. ಆ ಪೊರೆ ಹೇಗೆ ಬಂದಿತೆಂಬ ವಿವರಣೆ ಕಾದಂಬರಿಯ ಹೊಣೆಯಲ್ಲ. ಪಾಠ ಹೇಳುವವನ ಹೊಣೆ.

ಆ ವಿವರಣೆಯಲ್ಲಿ ನಮ್ಮನ್ನು ಎಡವಿಸುವುದು ‘ಹೊಂದಿಕೊಳ್ಳುವುದು’ ಎಂಬ ಕ್ರಿಯಾಪದ. ಊರು ಬಿಟ್ಟು ಬಂದ ನಾವು ಲೋಕಲ್ ರೈಲಿಗೂ ಮರಾಠಿಗೂ ಹೊಂದಿಕೊಂಡೆವು. ಅದು ಒಂದೇ ಬಾಳಿನಲ್ಲಿ ಇಚ್ಛಾಪೂರ್ವಕವಾಗಿ ನಡೆದ ಕಾರ್ಯ. ಜೀವಿಗಳೂ ಹಾಗೆಯೇ ಮಾಡುತ್ತವೆಂದು ಹುಡುಗರು ತಿಳಿದರೆ ತಪ್ಪು ಅವರದಲ್ಲ. ಗಲಪಗೋಸ್ ದ್ವೀಪಸ್ತೋಮದ ಡಾಫ್ನೆ ನಡುಗಡ್ಡೆಯಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಗಳು ಕಂಡುದು ಬೇರೆಯೇ. ೧೯೭೭ರ ಬರಗಾಲದಲ್ಲಿ ಮೃದುವಾದ ಸಣ್ಣ ಬೀಜಗಳು ತೀರಿದವು. ಫಿಂಚ್ ಹಕ್ಕಿಗಳಲ್ಲಿ ಬಹುಪಾಲು ಸತ್ತವು. ಗಟ್ಟಿ ಬೀಜವನ್ನು ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಉಳಿದವು. ಮುಂದಿನ ಪೀಳಿಗೆಯ ಕೊಕ್ಕು ಸರಾಸರಿಯಲ್ಲಿ ದಪ್ಪವಾಯಿತು. ಯಾವ ಹಕ್ಕಿಯೂ ತನ್ನ ಕೊಕ್ಕನ್ನು ಬದಲಿಸಿಕೊಳ್ಳಲಿಲ್ಲ. ಬದಲಾದುದು ಸಮುದಾಯ, ಅದೂ ಅಪಾರ ಸಾವಿನ ಬೆಲೆ ತೆತ್ತು.

ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಈ ಭೇದ ಪಾಂಡಿತ್ಯದ ಹಟವಲ್ಲ. ‘ಹೇಗೂ ಹೊಂದಿಕೊಳ್ಳುತ್ತವೆ’ ಎಂಬ ಮಾತು ಸುಳ್ಳು ಸಮಾಧಾನವಾಗುತ್ತದೆ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ೨೦೨೨ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾದ ಠಾಣೆಯ ಖಾರಿಯ ದಡದಲ್ಲಿ, ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡಗಳ ಜಾತಿಯ, ಮರಾಠಿಯ ‘ತಿವರ’ ಇದೆ. ಕೆಸರಿನಿಂದ ಮೇಲಕ್ಕೇಳುವ ಉಸಿರುಬೇರು, ಎಲೆಗಳ ಮೂಲಕ ಉಪ್ಪನ್ನು ಹೊರಹಾಕುವ ಶಕ್ತಿ, ಇವು ಅಸಂಖ್ಯ ಪೀಳಿಗೆಗಳ ಆಯ್ಕೆಯ ಫಲ. ಅಲ್ಲಿಗೆ ಬರುವ ರಾಜಹಂಸ ಆಹಾರ ಸಾಲದಾದರೆ ಬೇರೆಡೆಗೆ ಹಾರೀತು. ಅದು ವಲಸೆ, ವಿಕಾಸವಲ್ಲ. ಬೇರೂರಿದ ಮರ ಹಾರಲಾರದು. ಸಮುದ್ರ ಏರಿದಂತೆಲ್ಲ ಅದರ ಬೀಜಗಳು ನೆಲದ ಕಡೆಗೆ ಸರಿದು ಮೊಳೆಯಬೇಕು. ಹಿಂದೆ ರಸ್ತೆಯೋ ಗೋಡೆಯೋ ಕಟ್ಟಡವೋ ಅಡ್ಡವಿದ್ದರೆ ಸರಿಯಲು ಎಡೆಯೆಲ್ಲಿ? ಕೆಲವು ದಶಕಗಳಲ್ಲಿ ನಡೆಯುವ ಬದಲಾವಣೆಗೆ ನಿಧಾನವಾಗಿ ಬೆಳೆಯುವ ಮರದ ಕುಲ ಸರಿಗಟ್ಟೀತೆಂಬ ಭರವಸೆಯಿಲ್ಲ.

ಆದುದರಿಂದ ‘ಕರ್ವಾಲೊ’ವನ್ನು ಓದಿಸುವವರು ಮಕ್ಕಳನ್ನೊಮ್ಮೆ ಐರೋಲಿಯ ಕಡೆಯ ದಂಡೆಗೆ ಕರೆದೊಯ್ದು ಮೂರು ಪ್ರಶ್ನೆ ಕೇಳಲಿ: ಬದಲಾದುದು ಒಂದು ಜೀವಿಯೋ, ಕುಲವೋ? ಎಷ್ಟು ಪೀಳಿಗೆ ಹಿಡಿಯಿತು? ಉಳಿಯದೆ ಹೋದವು ಯಾವುವು? ಮೂರನೆಯದನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಅದನ್ನು ಕೇಳಿಕೊಂಡ ಹುಡುಗನೋ ಹುಡುಗಿಯೋ ಮರಳಿ ಕಾದಂಬರಿಯನ್ನು ತೆರೆದರೆ, ಕೊನೆಯಲ್ಲಿ ಕೈಗೆ ಸಿಗದೆ ತೇಲಿಹೋಗುವ ಆ ಓತಿಯಲ್ಲಿ ವಿಸ್ಮಯದೊಡನೆ ಒಂದು ಆತಂಕವನ್ನೂ ಕಂಡಾರು. ಕೃತಿಗೆ ಅದರಿಂದ ನಷ್ಟವೇನೂ ಇಲ್ಲ.