ಮೆಟ್ನರ್‌ಗೆ ಮೈಸೂರಿನ ಆಸರೆ

ಈ ವಾರ ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಮೂರನೆಯ ಪಿಯಾನೊ ಕನ್ಚರ್ಟೊ ಕೇಳಿ. ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದದ ಜೊತೆ 1947ರಲ್ಲಿ ಸಂಯೋಜಕರೇ ಪಿಯಾನೊ ನುಡಿಸಿರುವ ಧ್ವನಿಮುದ್ರಣ ಅದು. ಅದರ ಖರ್ಚು ಹೊತ್ತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಕೃತಿ ಅರ್ಪಿತವಾಗಿರುವುದೂ ಅವರಿಗೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಆಗ ಅವರ ಸಂಸ್ಥಾನಕ್ಕೆ ಸೇರಿದ್ದವು. ತೆಂಗಿನ ಸೀಮೆಯ ನಮಗೆ ಈ ಸಂಗೀತ ತೀರಾ ಹೊರಗಿನದಲ್ಲ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಸಂಯೋಜಕ ರಾಖ್ಮಾನಿನೊವ್ ಅವರ ಆಪ್ತ ಗೆಳೆಯ. ಕ್ರಾಂತಿಯ ನಂತರ, 1921ರಲ್ಲಿ ದೇಶ ಬಿಟ್ಟರು. 1927ರಲ್ಲೊಮ್ಮೆ ಕಛೇರಿಗೆಂದು ಹೋಗಿ ಬಂದರು, ಮತ್ತೆ ಹೋಗಲಿಲ್ಲ. ಅಲ್ಲೇ ಉಳಿದ ಸಂಯೋಜಕರ ಪಾಡು ನೋಡಿ. ಶೊಸ್ತಕೋವಿಚ್‌ರ ಒಪೆರಾಕ್ಕೆ ಸ್ಟಾಲಿನ್ ಬಂದುಹೋದ ಎರಡೇ ದಿನಕ್ಕೆ, 1936ರ ಜನವರಿ 28ರಂದು, 'ಪ್ರಾವ್ದಾ' ಪತ್ರಿಕೆ ಅದನ್ನು ಸಂಗೀತವೇ ಅಲ್ಲವೆಂದು ಜರೆಯಿತು. ಅದೇ ವರ್ಷ ಅವರ ನಾಲ್ಕನೆಯ ಸಿಂಫನಿ ತಾಲೀಮಿನ ಹಂತದಲ್ಲೇ ನಿಂತುಹೋಯಿತು. ನಾವು ಕಾಯನ್ನು ಅಟ್ಟಕ್ಕೇರಿಸುವುದು ನೀರಿಂಗಿ ಕೊಬ್ಬರಿಯಾಗಲೆಂದು. ಆ ಸಿಂಫನಿ ಅಟ್ಟ ಸೇರಿದ್ದು ಬರೆದವರ ಜೀವ ಉಳಿಯಲೆಂದು. ಅದು ಜನರ ಕಿವಿಗೆ ಬಿದ್ದದ್ದು 1961ರ ಡಿಸೆಂಬರಿನಲ್ಲಿ. 1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಪಕ್ಷದ ನಿರ್ಣಯವೊಂದು ಶೊಸ್ತಕೋವಿಚ್, ಪ್ರೊಕೊಫಿಯೆವ್, ಖಚತೂರಿಯನ್ ಮೂವರನ್ನೂ ಹೆಸರಿಸಿಯೇ ಖಂಡಿಸಿತು. ದೇಶ ಬಿಟ್ಟು ದೂರವಿದ್ದ ರಾಖ್ಮಾನಿನೊವ್ ಕೂಡ ಬಚಾವಾಗಲಿಲ್ಲ: 1931ರಲ್ಲಿ ಸೋವಿಯತ್ ಆಡಳಿತವನ್ನು ಟೀಕಿಸಿದ ಪತ್ರಕ್ಕೆ ಸಹಿ ಹಾಕಿದ್ದೇ ತಡ, ಅವರ ಕೃತಿಗಳಿಗೆ ಅಲ್ಲಿ ಬಹಿಷ್ಕಾರ ಬಿತ್ತು.

ಲಂಡನ್ ಸೇರಿದ ಮೆಟ್ನರ್‌ಗೆ ಅಪ್ಪಣೆ ಕೊಡುವವರು ಯಾರೂ ಇರಲಿಲ್ಲ, ಕೇಳುವವರೂ ಕಡಿಮೆ. ಹೊಸ ಅಲೆಯ ಸಂಗೀತ ಅವರಿಗೆ ಒಗ್ಗದು. ಅದರ ವಿರುದ್ಧ ಒಂದು ಪುಸ್ತಕವನ್ನೇ ಬರೆದಿದ್ದರು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, 1942ರಲ್ಲಿ ಹೃದಯಾಘಾತವೂ ಆಯಿತು. ಆಗ ಕೈಹಿಡಿದವರು ಇನ್ನೂ ಮೂವತ್ತು ತುಂಬದ ನಮ್ಮ ಮಹಾರಾಜರು. ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು; ಮೂರು ಕನ್ಚರ್ಟೊಗಳು, ಸೊನಾಟಾಗಳು, ಹಾಡುಗಳು ಎಚ್‌ಎಂವಿ ತಟ್ಟೆಗಳಿಗೆ ಇಳಿದವು. ಹೆಸರಾದವರಿಗೆ ಹಾರ ಹಾಕುವ ರಾಜರು ಬೇಕಾದಷ್ಟು ಮಂದಿ. ಲಂಡನ್ನೇ ಮರೆಯುತ್ತಿದ್ದ ಮುದುಕರೊಬ್ಬರನ್ನು ಮೈಸೂರಿನಲ್ಲಿ ಕೂತು ಗುರುತಿಸಲು ಪಳಗಿದ ಕಿವಿಯೇ ಬೇಕು. ಒಡೆಯರ್ ಸ್ವತಃ ಪಿಯಾನೊ ಕಲಿತವರು. ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದ 94 ಕೃತಿಗಳನ್ನು ರಚಿಸಿದವರು. ಅವರ ಕೊಡುಗೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮೆಟ್ನರ್‌ಗೆ ಕೊಟ್ಟ ಈ ಆಸರೆಯೇ.

ಮೂರನೆಯ ಕನ್ಚರ್ಟೊದ ಹಿಂದೆ ಲೆರ್ಮಂತೊವ್‌ರ ಕಥನಕವನವೊಂದಿದೆ: ನೀರಾಳದಲ್ಲಿ ಸತ್ತು ಮಲಗಿದ ವೀರನ ಬಗ್ಗೆ ಹಾಡುವ ಜಲಕನ್ಯೆಯ ಕಥೆ. ಮೂರು ಭಾಗಗಳೂ ನಡುವೆ ನಿಲ್ಲದೆ ಸಾಗುತ್ತವೆ. ಅರುವತ್ತೇಳರ ಮೆಟ್ನರ್ ಎಲ್ಲೂ ಬೆರಳಿನ ಚಮತ್ಕಾರ ತೋರಿಸಲು ಹೊರಡುವುದಿಲ್ಲ. ಒಂದು ಎಳೆ ಹಿಡಿದು ಅದನ್ನೇ ನೂಲುತ್ತಾ ಹೋಗುತ್ತಾರೆ. ಮೊದಲ ಸಲಕ್ಕೆ ಇದು ದಕ್ಕದಿದ್ದರೆ ಬೇಸರ ಬೇಡ, ಎರಡನೆಯ ಸಲ ಕೇಳಿ.

1951ರಲ್ಲಿ ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು. ಪತ್ನಿ ಆನಾ 1958ರಲ್ಲಿ ಹಸ್ತಪ್ರತಿಗಳೊಂದಿಗೆ ಮಾಸ್ಕೋಗೆ ಮರಳಿದರು. ಮರುವರ್ಷದಿಂದ ಸೋವಿಯತ್ ಸರ್ಕಾರದ ಪ್ರಕಾಶನವೇ ಮೆಟ್ನರ್ ಅವರ ಸಮಗ್ರ ಕೃತಿಗಳನ್ನು ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕತೊಡಗಿತು. 1963ಕ್ಕೆ ಅದು ಮುಗಿಯಿತು. ಅಷ್ಟು ಹೊತ್ತಿಗಾಗಲೇ ಮೈಸೂರಿನ ತಟ್ಟೆಗಳಿಗೆ ಹದಿನೈದು ವರ್ಷ ತುಂಬಿತ್ತು.