ನೆಲದಿಂದ ಏಳುವ ವಿದ್ಯೆ

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲಬೇಕು. ಒಂದು ಪಾದವನ್ನು ಇನ್ನೊಂದರ ಮುಂದೆ ಅಡ್ಡಕ್ಕಿಟ್ಟು, ಆತುರಪಡದೆ ನೆಲಕ್ಕೆ ಕೂರಬೇಕು. ಕೂತ ಮೇಲೆ ಹಾಗೆಯೇ ಏಳಬೇಕು. ಕೈ ಊರುವಂತಿಲ್ಲ, ಮಂಡಿ ಊರುವಂತಿಲ್ಲ, ತೊಡೆಗೆ ಅಂಗೈ ಒತ್ತಿ ಏಳುವಂತೆಯೂ ಇಲ್ಲ. ಕೂರುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು. ಒಂದು ಸಲ ಕೈಯೂರಿದರೆ ಒಂದು ಅಂಕ ಹೋಯಿತು, ಮೈ ಓಲಾಡಿದರೆ ಅರ್ಧ ಅಂಕ. ಬ್ರೆಜಿಲ್‌ನ ರಿಯೊ ಡಿ ಜನೈರೊದ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರು 51ರಿಂದ 80 ವರ್ಷದೊಳಗಿನ 2,002 ಮಂದಿಗೆ ಈ ಪರೀಕ್ಷೆ ಮಾಡಿಸಿ, ಸುಮಾರು ಆರು ವರ್ಷ ಅವರ ಜಾಡು ಹಿಡಿದರು. ಆ ಅವಧಿಯಲ್ಲಿ 159 ಮಂದಿ ತೀರಿಕೊಂಡರು. ಮೂರಕ್ಕಿಂತ ಹೆಚ್ಚು ಅಂಕ ಬಾರದಿದ್ದವರಲ್ಲಿ ಸಾವಿನ ಅಪಾಯ ಎಂಟು ಮತ್ತು ಅದಕ್ಕೂ ಮೇಲೆ ಪಡೆದವರಿಗಿಂತ ಐದು ಪಟ್ಟಿಗೂ ಮಿಕ್ಕಿತ್ತು ಎಂದು 2012ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿತು.

ಈ ಅಂಕವನ್ನು ಆಯುಷ್ಯದ ಜಾತಕದಂತೆ ಓದಬಾರದು. ಒಳಗೆ ಕಾಯಿಲೆಯಿರುವವರು, ಸ್ನಾಯು ಸೊರಗಿದವರು, ಕೀಲು ಬಿಗಿದವರು ಕಡಿಮೆ ಅಂಕ ಪಡೆಯುವುದು ಸಹಜ. ದಿನಾ ಕೂತೆದ್ದರೆ ಸಾವು ಮುಂದೆ ಹೋಗುತ್ತದೆಂದು ಆ ಅಧ್ಯಯನ ಹೇಳಿಲ್ಲ. ಆದರೂ ಅದು ತೋರಿಸಿಕೊಟ್ಟ ಸಂಗತಿ ದೊಡ್ಡದು. ನೆಲದಿಂದ ಏಳುವ ಒಂದೇ ಕೆಲಸದಲ್ಲಿ ಕಾಲಿನ ಕಸುವು, ಸೊಂಟದ ಬಳುಕು, ಮೈಯ ತೂಕ ಯಾವ ಕಡೆ ವಾಲಿದೆಯೆಂಬ ಅರಿವು ಮೂರೂ ಒಟ್ಟಿಗೆ ಬೇಕು. ಒಂದೊಂದು ಸ್ನಾಯುವಿಗೆ ಒಂದೊಂದು ಯಂತ್ರ ಇಟ್ಟಿರುವ ಜಿಮ್‌ನಲ್ಲಿ ಈ ಮೂರನ್ನೂ ಕೂಡಿಸಿ ಕೇಳುವ ಯಂತ್ರವಿಲ್ಲ. 'ಸಹಜ ಚಲನೆ' ಎಂದು ಇಂದು ಕರೆಸಿಕೊಳ್ಳುವ ವ್ಯಾಯಾಮ ಪದ್ಧತಿ ತನ್ನ ಹಕ್ಕು ಮಂಡಿಸುವುದು ಇದೇ ಜಾಗದಲ್ಲಿ. ನೂರು ವರ್ಷ ದಾಟಿದ ಈ ಪದ್ಧತಿಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಕೇರಿ ನೋಡಬೇಕಾದ ಕಾಲ ಇದು. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೈಗೆ ಬೇಕಾದಷ್ಟು ಚಟುವಟಿಕೆ ಮಾಡುತ್ತಿಲ್ಲ, ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ 57 ಎಂದು 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತಿಳಿಸಿದೆ.

ಸಹಜ ಚಲನೆ ಪದ್ಧತಿಯ ಮೂಲಪುರುಷ ಫ್ರಾನ್ಸಿನ ಜಾರ್ಜ್ ಎಬೇರ್. 1875ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ನೌಕಾಪಡೆಯ ಅಧಿಕಾರಿಯಾದವರು. 1902ರ ಮೇ 8ರಂದು ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಪೆಲೇ ಪರ್ವತ ಸಿಡಿದು, ಸೇಂಟ್ ಪಿಯರ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಸುಟ್ಟು ಬೂದಿಯಾಯಿತು. ಸತ್ತವರು ಸುಮಾರು 28 ಸಾವಿರ. ಬದುಕುಳಿದವರನ್ನು ಹೊತ್ತು ತಂದ ಫ್ರೆಂಚ್ ಹಡಗು 'ಸೂಶೆ'ಯಲ್ಲಿ ಎಬೇರ್ ಇದ್ದರು. ಕುತ್ತು ಬಂದಾಗ ಓಡಲು, ಹತ್ತಲು, ಇನ್ನೊಬ್ಬರನ್ನು ಎತ್ತಲು ಬಾರದ ಮೈ ಎಷ್ಟು ನಿರುಪಯೋಗಿ ಎಂಬ ಪ್ರಶ್ನೆ ಅವರ ಮುಂದಿನ ಕೆಲಸಕ್ಕೆಲ್ಲ ತಳಹದಿಯಾಯಿತು. ಉಪಯೋಗಕ್ಕೆ ಬರಲೆಂದೇ ಬಲಶಾಲಿಯಾಗಬೇಕು ಎಂಬುದು ಅವರ ಧ್ಯೇಯವಾಕ್ಯ.

ಆ ಕಾಲದ ಯುರೋಪಿನ ಅನೇಕ ಶಾಲೆಗಳಲ್ಲೂ ದಂಡುಗಳಲ್ಲೂ ನಡೆಯುತ್ತಿದ್ದುದು ಸ್ವೀಡನ್ನಿನ ಲಿಂಗ್ ಪರಂಪರೆಯ ಕವಾಯತು. ಸಾಲಾಗಿ ನಿಲ್ಲುವುದು, ಆಜ್ಞೆ ಬಂದಾಗ ಕೈ ಎತ್ತುವುದು, ಆಜ್ಞೆ ಬಂದಾಗ ಇಳಿಸುವುದು. ಎಬೇರ್ ಈ ಸಾಲನ್ನು ಒಡೆದರು. ನಡಿಗೆ, ಓಟ, ನೆಗೆತ, ಅಂಬೆಗಾಲು, ಹತ್ತುವುದು, ಸಮತೋಲ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು ಎಂದು ಹತ್ತು ಗುಂಪು ಮಾಡಿ, ಲೋರಿಯಾನ್‌ನ ನೌಕಾ ತರಬೇತಿ ಶಾಲೆಯಲ್ಲಿ ಕಲಿಸಿದರು. ಬಯಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯ ಹಿಂದೆ ಅಲೆಯಂತೆ ಜನ ಸಾಗುತ್ತಿದ್ದರು. ಒಂದು ಸಲ ಓಡುತ್ತ, ಇನ್ನೊಂದು ಸಲ ನಾಲ್ಕು ಕಾಲಲ್ಲಿ ತೆವಳುತ್ತ, ಮತ್ತೊಂದು ಸಲ ಜೊತೆಗಾರನನ್ನು ಹೆಗಲ ಮೇಲೆ ಹೊತ್ತು. ಕಸುವಿದ್ದವರು ವೇಗವಾಗಿ, ಇಲ್ಲದವರು ನಿಧಾನವಾಗಿ. ಯಾರೂ ಯಾರಿಗಾಗಿಯೂ ಸುಮ್ಮನೆ ನಿಂತು ಕಾಯಬೇಕಿರಲಿಲ್ಲ. ಇಂದಿನ ನಮ್ಮ ಶಾಲೆಗಳ ಪಿಟಿ ಪಿರಿಯಡ್‌ನಲ್ಲಿ ಐವತ್ತು ಮಕ್ಕಳು ಒಂದು ಚೆಂಡಿಗಾಗಿ ಕಾದು ನಿಲ್ಲುವುದನ್ನು ಕಂಡವರಿಗೆ ಈ ಏರ್ಪಾಟಿನ ಬೆಲೆ ತಿಳಿಯುತ್ತದೆ.

1913ರಲ್ಲಿ ರೀಮ್ಸ್ ನಗರದಲ್ಲಿ ಅವರ ಅಥ್ಲೀಟುಗಳ ಕಾಲೇಜು ತೆರೆಯಿತು. ಮರುವರ್ಷವೇ ಬಂದ ಮಹಾಯುದ್ಧ ಅದನ್ನು ನುಂಗಿತು. 1919ರಲ್ಲಿ ಹೆಂಗಸರ ವ್ಯಾಯಾಮದ ಮೇಲೆ ಪುಸ್ತಕ ಬರೆದರು. 1925ರಲ್ಲಿ ಕ್ರೀಡೆ ಹೇಗೆ ದೇಹಶಿಕ್ಷಣಕ್ಕೆ ಎದುರಾಗಿ ನಿಂತಿದೆಯೆಂದು ವಾದಿಸುವ ಇನ್ನೊಂದು ಪುಸ್ತಕ ತಂದರು. ಸೈನಿಕರ ಅಡೆತಡೆಯ ಓಟದಲ್ಲಿ, ಪ್ಯಾರಿಸ್‌ನ ಅಗ್ನಿಶಾಮಕ ದಳದವರ ತಾಲೀಮಿನಲ್ಲಿ ಅವರ ವಿಚಾರ ಉಳಿಯಿತು. ಆ ದಳದಲ್ಲಿದ್ದ ರೇಮಂಡ್ ಬೆಲ್ ಅವರಿಂದ ಮಗ ಡೇವಿಡ್ ಬೆಲ್‌ಗೆ ದಾಟಿ, ಗೋಡೆಯಿಂದ ಗೋಡೆಗೆ ಹಾರುವ 'ಪಾರ್ಕೂರ್' ಆಗಿ ಲೋಕವೆಲ್ಲ ಹಬ್ಬಿತು.

ಎಬೇರ್ ಕೊಟ್ಟ ಹತ್ತರ ಪಟ್ಟಿ ಇವತ್ತಿಗೂ ಒಂದು ಒಳ್ಳೆಯ ಒರೆಗಲ್ಲು. ಒಬ್ಬ ಸಾಫ್ಟ್‌ವೇರ್ ನೌಕರ ದಿನಾ ಬೆಳಗ್ಗೆ ಐದು ಕಿಲೋಮೀಟರ್ ನಡೆಯುತ್ತಾನೆ ಎಂದುಕೊಳ್ಳೋಣ. ಪಟ್ಟಿಯೆದುರು ನಿಲ್ಲಿಸಿದರೆ ಹತ್ತರಲ್ಲಿ ಒಂದೇ ಗುರುತು. ವಾರಕ್ಕೆ ಆರು ದಿನ ಜಿಮ್ಮಿಗೆ ಹೋಗುವವನಿಗೂ ಎರಡೋ ಮೂರೋ. ಯಾವುದು ಇಲ್ಲವೆಂದು ಇಷ್ಟು ಸರಳವಾಗಿ ಎತ್ತಿ ತೋರಿಸುವ ಪಟ್ಟಿ ಬೇರೆ ಪದ್ಧತಿಗಳಲ್ಲಿ ಸುಲಭಕ್ಕೆ ಸಿಗದು.

ಈ ಪರಂಪರೆಯನ್ನು ನಮ್ಮ ಕಾಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರು ಇನ್ನೊಬ್ಬ ಫ್ರೆಂಚ್ ವ್ಯಕ್ತಿ ಎರ್ವಾನ್ ಲ ಕೋರ್. ಅವರ ಸಂಸ್ಥೆಯ ಹೆಸರು 'ಮೂವ್‌ನ್ಯಾಟ್'. 2019ರಲ್ಲಿ ಬಂದ ಅವರ ದಪ್ಪ ಪುಸ್ತಕ ಈ ವಿದ್ಯೆಯ ಕೈಪಿಡಿ. ಉಸಿರಾಟದಿಂದ, ನೆಲದ ಮೇಲೆ ಹೊರಳುವುದರಿಂದ ಶುರುವಾಗಿ ಭಾರ ಎತ್ತುವುದು, ಎಸೆಯುವುದು, ಹಿಡಿಯುವುದರವರೆಗೆ ಒಂದೊಂದನ್ನೂ ಬಿಡಿಸಿ ತೋರಿಸುವ ತಾಳ್ಮೆ ಅದರಲ್ಲಿದೆ. ಮೊದಲು ಚಲನೆ ನೆಟ್ಟಗಾಗಲಿ, ವೇಗ ಆಮೇಲೆ, ಭಾರ ಕೊನೆಗೆ ಎಂಬ ಅವರ ಕಲಿಸುವ ಕ್ರಮ ಎಬೇರ್ ಅವರದಕ್ಕಿಂತಲೂ ಮೇಲು. ಎಬೇರ್ ಮೊದಲು ಕಲಿಸಿದ್ದು ಎಳೆಯ ನಾವಿಕರಿಗೆ; ನಲವತ್ತೈದು ವರ್ಷದ, ಸೊಂಟ ಹಿಡಿದ ಕಚೇರಿಯ ಮನುಷ್ಯನಿಗೆ ಲ ಕೋರ್ ಅವರ ದಾರಿಯೇ ಸರಿ.

ತೊಡಕಿರುವುದು 'ಸಹಜ' ಎಂಬ ಆ ಮಾತಿನಲ್ಲಿ. ಚಿತ್ರಗಳಲ್ಲಿ ಕಾಣುವುದು ಕಾಡು, ಹೊಳೆ, ಬರಿಮೈಯ ಯುವಕ, ಹೆಗಲ ಮೇಲೆ ಮರದ ದಿಮ್ಮಿ. ಎಬೇರ್ ಕೂಡ ತಾವು ಹೋದ ನಾಡುಗಳ ಮೂಲನಿವಾಸಿಗಳ ಮೈಕಟ್ಟನ್ನು ಕಂಡು, ಯಾವ ವ್ಯಾಯಾಮದ ಮೇಷ್ಟ್ರೂ ಇಲ್ಲದೆ ಇವರಿಗೆ ಇಂಥ ಶರೀರ ಬಂತಲ್ಲ ಎಂದು ಬೆರಗಾಗಿ ಬರೆದರು. ಆ ಬೆರಗಿನಲ್ಲಿ ಪ್ರೀತಿಯಿತ್ತು, ಆದರೆ ಆ ಮೈ ಎಷ್ಟು ದುಡಿಯುತ್ತದೆ, ಎಷ್ಟು ಬೇಗ ಸವೆಯುತ್ತದೆ ಎಂಬ ವಿಚಾರಣೆ ಇರಲಿಲ್ಲ.

ಮಲೆನಾಡಿನ ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಕೆಲಸ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಎರಡೂ ಪಾದಗಳಿಗೆ ಹಗ್ಗದ ಕುಣಿಕೆ ಸಿಕ್ಕಿಸಿಕೊಂಡು, ಕಾಂಡವನ್ನು ತಬ್ಬಿ, ಕಾಲು ಮಡಿಸಿ ಚಾಚಿ ಮಡಿಸಿ ಅವರು ತುದಿ ಮುಟ್ಟುತ್ತಾರೆ. ಕೊನೆ ಕೊಯ್ದ ಮೇಲೆ ಕೆಳಗಿಳಿಯುವುದಿಲ್ಲ. ಮೈಭಾರವನ್ನೇ ತೂಗಿ ಮರವನ್ನು ಬಾಗಿಸಿ, ಪಕ್ಕದ ಮರಕ್ಕೆ ಕೈ ಚಾಚಿ ಹಾಗೇ ದಾಟಿಬಿಡುತ್ತಾರೆ. ಎಬೇರ್ ಕನಸಿದ ಹತ್ತುವಿಕೆ, ಸಮತೋಲ, ಮೈಯರಿವು ಎಲ್ಲವೂ ಅಲ್ಲಿದೆ, ಹೊಟ್ಟೆಪಾಡಿಗಾಗಿ. ಮಳೆಗೆ ನೆನೆದು ಜಾರುವ ಮರದಿಂದ ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ. ಅವರ ಮಕ್ಕಳು ಮರ ಹತ್ತಲು ಒಲ್ಲೆನ್ನುತ್ತಾರೆ, ಒಲ್ಲೆನ್ನುವುದರಲ್ಲಿ ತಪ್ಪೂ ಇಲ್ಲ. ಈಗ ನೆಲದ ಮೇಲೇ ನಿಂತು ಉದ್ದನೆಯ ಫೈಬರ್ ದೋಟಿಯಿಂದ ಕೊನೆ ಇಳಿಸುವುದು ಹಬ್ಬುತ್ತಿದೆ. ಚಲನೆ ಸಹಜವಾದ ಮಾತ್ರಕ್ಕೆ ಆರೋಗ್ಯಕರವಾಗುವುದಿಲ್ಲ. ಎಷ್ಟು ಹೊತ್ತು, ಎಷ್ಟು ಭಾರ, ನಡುವೆ ಎಷ್ಟು ವಿಶ್ರಾಂತಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೀಜಿಂಗ್‌ನ ಹಿರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಪ್ಪತ್ತೈದರ ಹರೆಯದಲ್ಲಿ ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕುಕ್ಕರಗಾಲಲ್ಲಿ ಕೂರುತ್ತಿದ್ದವರಲ್ಲಿ ಮುಂದೆ ಮಂಡಿ ಸವೆತದ ಸಂಭವ ಸುಮಾರು ಎರಡು ಪಟ್ಟು ಕಂಡುಬಂತು. ಕುಕ್ಕರಗಾಲು ಸರ್ವರೋಗಕ್ಕೂ ಮದ್ದು ಎಂದು ಸಾರುವವರು ಈ ಫಲಿತಾಂಶವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ವ್ಯಾಪಾರವೂ ಇದೇ 'ಸಹಜ' ಎಂಬ ಮಾತಿನ ಬೆನ್ನು ಹತ್ತಿತು. ಬರಿಗಾಲ ಓಟದ ಹುಚ್ಚು ಎದ್ದಾಗ ಐದು ಬೆರಳಿನ ತೆಳು ಬೂಟು ಮಾರಿದ ವೈಬ್ರಮ್ ಕಂಪನಿಯ ಮೇಲೆ, ಆಧಾರವಿಲ್ಲದ ಆರೋಗ್ಯ ಲಾಭಗಳನ್ನು ಹೇಳಿಕೊಂಡಿದೆಯೆಂದು ಅಮೆರಿಕದಲ್ಲಿ ಮೊಕದ್ದಮೆ ಬಿತ್ತು. ತಪ್ಪು ಒಪ್ಪಿಕೊಳ್ಳದೆಯೇ 2014ರಲ್ಲಿ 37.5 ಲಕ್ಷ ಡಾಲರ್‌ಗೆ ಕಂಪನಿ ರಾಜಿಯಾಯಿತು.

ಎಬೇರ್ ಪದ್ಧತಿಯ ನಿಜವಾದ ಕೊರತೆ ಬೇರೆಯೇ. ಅಲ್ಲಿ ಕಸುವಿದೆ, ಓಟವಿದೆ, ಹನ್ನೆರಡು ಪರೀಕ್ಷೆಗಳ ಅಂಕಪಟ್ಟಿ ಕೂಡ ಇತ್ತು; ಆದರೆ ಮೈಯೊಳಗೆ ಏನು ನಡೆಯುತ್ತಿದೆ ಎಂದು ನಿಂತು ಆಲಿಸುವ ಬಿಡುವಿಲ್ಲ. ಅದನ್ನು ತುಂಬಿಕೊಟ್ಟವರು ಮೊಶೆ ಫೆಲ್ಡನ್‌ಕ್ರೈಸ್. ಇಂದಿನ ಉಕ್ರೇನ್‌ನಲ್ಲಿ 1904ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ವಿಜ್ಞಾನ ಓದಿ, ಜೂಡೋ ಕಲಿತು ಕಲಿಸಿದ ಇವರ ಮಂಡಿಗೆ ಪೆಟ್ಟಾಗಿತ್ತು. ಆ ಮಂಡಿಯಲ್ಲೇ ನಡೆಯುವುದು ಹೇಗೆಂದು ತಮ್ಮ ಮೇಲೆಯೇ ಪ್ರಯೋಗ ಮಾಡುತ್ತ ಹೋದದ್ದು ಒಂದು ಪದ್ಧತಿಯಾಗಿ ಬೆಳೆಯಿತು. ಅವರ ಪಾಠವನ್ನು ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಜನ ಚಾಪೆಯ ಮೇಲೆ ಅಂಗಾತ ಮಲಗಿರುತ್ತಾರೆ. ಯಾವ ಹಿಮ್ಮಡಿ ನೆಲಕ್ಕೆ ಹೆಚ್ಚು ಒತ್ತಿದೆ, ಯಾವ ಭುಜದ ಮೂಳೆ ನೆಲ ಬಿಟ್ಟಿದೆ ಎಂದು ಗಮನಿಸುತ್ತಾರೆ. ಮಂಡಿ ಮಡಿಸಿ ಒಂದು ಪಕ್ಕಕ್ಕೆ ಒಂದಿಷ್ಟೇ ವಾಲಿಸಿ, ಆ ಎಳೆತ ಸೊಂಟದಿಂದ ಪಕ್ಕೆಗೆ, ಪಕ್ಕೆಯಿಂದ ಕತ್ತಿಗೆ ಹೇಗೆ ಹರಿಯಿತೆಂದು ನೋಡುತ್ತಾರೆ. ಬಲ ಹಾಕಬೇಡಿ ಎಂಬುದೊಂದೇ ಕಟ್ಟಪ್ಪಣೆ. ಇದಕ್ಕೆ ಕಾರಣವಿದೆ. ಅಕ್ಕಿ ಮೂಟೆ ಹೊತ್ತ ಹೆಗಲಿಗೆ ಒಂದು ಹಿಡಿ ಅಕ್ಕಿ ಹೆಚ್ಚಾದದ್ದು ತಿಳಿಯದು, ಬರಿ ಅಂಗೈಯಲ್ಲಿ ನಾಲ್ಕು ಕಾಳು ಇಟ್ಟರೂ ತಿಳಿಯುತ್ತದೆ. ಬಲ ಕಡಿಮೆಯಾದಷ್ಟೂ ವ್ಯತ್ಯಾಸ ಗೊತ್ತಾಗುತ್ತದೆ.

ಪುರಾವೆಯ ಕಡೆಯಿಂದ ನೋಡಿದರೆ ಚಿತ್ರ ಮಿಶ್ರವಾಗಿದೆ. ಫೆಲ್ಡನ್‌ಕ್ರೈಸ್ ಪದ್ಧತಿಯ ಮೇಲೆ ನಡೆದ ಪ್ರಯೋಗಗಳು ಚಿಕ್ಕವು. ಗಟ್ಟಿ ಆಧಾರ ಸಾಲದೆಂದು ಆಸ್ಟ್ರೇಲಿಯಾ ಸರ್ಕಾರ 2019ರಲ್ಲಿ ಇದನ್ನು ಖಾಸಗಿ ಆರೋಗ್ಯ ವಿಮೆಯ ವ್ಯಾಪ್ತಿಯಿಂದ ತೆಗೆಯಿತು. ಅದೇ ಪಟ್ಟಿಯಲ್ಲಿ ಯೋಗವೂ ಇತ್ತು. ಇನ್ನೊಂದೆಡೆ, ಮೈಯರಿವಿನದೇ ಇನ್ನೊಂದು ದಾರಿಯಾದ ಅಲೆಕ್ಸಾಂಡರ್ ಪದ್ಧತಿಯನ್ನು ಬ್ರಿಟನ್‌ನಲ್ಲಿ 579 ಮಂದಿ ಬೆನ್ನುನೋವಿನ ರೋಗಿಗಳ ಮೇಲೆ ಪರೀಕ್ಷಿಸಿದಾಗ, 24 ಪಾಠ ಪಡೆದವರಿಗೆ ಒಂದು ವರ್ಷದ ಬಳಿಕ ನಾಲ್ಕು ವಾರದಲ್ಲಿ ನೋವಿದ್ದ ದಿನಗಳು ಮೂರಕ್ಕಿಳಿದಿದ್ದವು. ಮಾಮೂಲಿ ಚಿಕಿತ್ಸೆಯವರಿಗೆ ಅದು 21. ಇದು 2008ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂದ ಲೆಕ್ಕ. ಮೈಯನ್ನು ಗಮನಿಸುವುದು ಬರಿಯ ಆಧ್ಯಾತ್ಮದ ಮಾತು ಎಂದು ತಳ್ಳಿಹಾಕುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕು.

ನಮ್ಮಲ್ಲಿ ಯೋಗವಿರುವಾಗ ಇವೆಲ್ಲ ಏಕೆ ಎಂಬ ಪ್ರಶ್ನೆ ಕನ್ನಡಿಗರಿಂದ ಬಂದೇ ಬರುತ್ತದೆ. 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದ ಯೋಗಶಾಲೆಯಿಂದಲೇ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಕಡೆಯ ಪಟ್ಟಾಭಿ ಜೋಯಿಸರು ಹೊರಟು ಜಗತ್ತಿಗೆ ಆಸನ ಕಲಿಸಿದರು. ಅರಿವಿನ ಪಾಠದಲ್ಲಿ ಯೋಗ ಯಾರಿಗೂ ಕಡಿಮೆಯಿಲ್ಲ. ನೆಲದ ಸಂಗವನ್ನೂ ಅದು ಉಳಿಸಿಕೊಟ್ಟಿದೆ. ಆದರೆ ಎಬೇರ್ ಪಟ್ಟಿ ಹಿಡಿದು ನೋಡಿದರೆ ಭಾರ ಎತ್ತುವುದು, ಹತ್ತುವುದು, ಎಸೆಯುವುದು ಆಸನದಲ್ಲಿಲ್ಲ. ನಲವತ್ತು ದಾಟಿದ ಹೆಂಗಸಿನ ಮೂಳೆಗೂ ಸ್ನಾಯುವಿಗೂ ಭಾರ ಬೇಕು. ಚಾಪೆಯ ಮೇಲೆ ಎಷ್ಟು ಚೆಂದ ಬಾಗಿದರೂ ಹತ್ತು ಕಿಲೋ ಅಕ್ಕಿಚೀಲವನ್ನು ಸೊಂಟ ಹಿಡಿಯದಂತೆ ಎತ್ತುವುದು ಬೇರೆಯದೇ ಪಾಠ. ಗರಡಿಮನೆಯ ಬಸ್ಕಿ, ದಂಡ, ಗದೆ ಆ ಪಾಠವನ್ನು ಹೇಳಿಕೊಡುತ್ತಿದ್ದವು. ಅದು ಗಂಡಸರ ಮನೆಯಾಗಿಯೇ ಉಳಿದದ್ದು ನಮ್ಮ ನಷ್ಟ.

ಈ ಇಡೀ ಪರಂಪರೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಅತ್ಯಂತ ಸಾಧಾರಣವಾಗಿ ಕಾಣುವ ಭಾಗ: ನೆಲ. ಟಾಂಜಾನಿಯಾದ ಹಡ್ಜಾ ಬೇಟೆಗಾರರ ಮೈಗೆ ಅಳತೆಯ ಉಪಕರಣ ಕಟ್ಟಿ ನೋಡಿದಾಗ, ಅವರೂ ದಿನಕ್ಕೆ ಸುಮಾರು ಹತ್ತು ಗಂಟೆ ಕೂತೇ ಇರುತ್ತಾರೆಂದು 2020ರಲ್ಲಿ ತಿಳಿಯಿತು. ನಮಗೂ ಅವರಿಗೂ ಕೂರುವ ಹೊತ್ತಿನಲ್ಲಿ ದೊಡ್ಡ ಅಂತರವಿಲ್ಲ. ಆದರೆ ಅವರು ಆ ಹೊತ್ತಿನ ಒಂದು ಪಾಲು ಕುಕ್ಕರಗಾಲಲ್ಲಿ, ಮಂಡಿಯೂರಿ ಕೂರುತ್ತಾರೆ. ಆಗ ಕಾಲಿನ ಸ್ನಾಯು ಸಣ್ಣಗೆ ಕೆಲಸ ಮಾಡುತ್ತಲೇ ಇರುತ್ತದೆ. ಕುರ್ಚಿಯಲ್ಲಿ ಅದು ಪೂರಾ ಮಲಗುತ್ತದೆ. ಈಳಿಗೆಮಣೆಯೆದುರು ಕೂತು ತರಕಾರಿ ಹೆಚ್ಚುವುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತು ಉಂಡು ಎಲೆ ಎತ್ತಲು ಏಳುವುದು, ಬಚ್ಚಲಲ್ಲಿ ಬಟ್ಟೆ ಒಗೆಯುವುದು ಒಂದೇ ತಲೆಮಾರಿನಲ್ಲಿ ಅಡುಗೆ ಕಟ್ಟೆ, ಡೈನಿಂಗ್ ಟೇಬಲ್, ವಾಷಿಂಗ್ ಮೆಷಿನ್ ಪಾಲಾದವು. ಆ ದುಡಿತ ಹೆಂಗಸರ ಮೇಲಿನ ಹೊರೆಯಾಗಿತ್ತು, ಅದು ಇಳಿದದ್ದು ಒಳ್ಳೆಯದೇ. ಆದರೆ ಅದರೊಂದಿಗೆ ದಿನಕ್ಕೆ ಇಪ್ಪತ್ತು ಸಲ ನೆಲಕ್ಕಿಳಿದು ಏಳುತ್ತಿದ್ದ ಅಭ್ಯಾಸವೂ ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಹಾಗಾಗಿ ಕಾಡಿನ ಚಿತ್ರ, ತೆಳು ಬೂಟು, ದುಬಾರಿ ಶಿಬಿರ ಇವನ್ನು ಬಿಡಬಹುದು. ಎಬೇರ್ ಅವರ ಹತ್ತರ ಪಟ್ಟಿಯನ್ನೂ ಫೆಲ್ಡನ್‌ಕ್ರೈಸ್ ಅವರ ನಿಧಾನವನ್ನೂ ಇಟ್ಟುಕೊಳ್ಳಬೇಕು. ಮಂಡಿ ಶಸ್ತ್ರಚಿಕಿತ್ಸೆ ಆದವರು, ಕೀಲು ಊದಿಕೊಂಡವರು, ಎದ್ದಾಗ ತಲೆ ಸುತ್ತುವವರು ವೈದ್ಯರನ್ನು ಕೇಳಿಯೇ ನೆಲಕ್ಕಿಳಿಯಬೇಕು. ವಯಸ್ಸಾದವರು ಪಕ್ಕದಲ್ಲೊಂದು ಗಟ್ಟಿ ಕುರ್ಚಿ ಇಟ್ಟುಕೊಂಡು, ಮೊದಮೊದಲು ಅದನ್ನು ಹಿಡಿದೇ ಏಳಲಿ. ಉಳಿದವರು ಇವತ್ತು ರಾತ್ರಿಯ ಊಟಕ್ಕೆ ಚಾಪೆ ಹಾಸಿ, ಉಂಡ ಮೇಲೆ ಕೈಯೂರದೆ ಏಳಲು ಬರುತ್ತದೆಯೇ ನೋಡಿ.