ಅಗ್ಗದ ಕೃಪೆ, ದುಬಾರಿ ವಿಶ್ವಾಸ

ಜರ್ಮನಿಯ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ ಅವರ ‘ನಾಖ್‌ಫೋಲ್ಗೆ’ ಹೊರಬಂದದ್ದು 1937ರಲ್ಲಿ. ಹಿಟ್ಲರನ ಆಳ್ವಿಕೆಗೆ ಆಗ ನಾಲ್ಕು ವರ್ಷ ತುಂಬಿತ್ತು. ಫಿಂಕನ್‌ವಾಲ್ಡ್‌ನಲ್ಲಿ ಅವರು ನಡೆಸುತ್ತಿದ್ದ ಪಾದ್ರಿಗಳ ತರಬೇತಿ ಶಾಲೆಗೆ ಅದೇ ವರ್ಷ ಗೆಸ್ಟಪೊ ಬೀಗ ಜಡಿಯಿತು.

ಹೆಸರಿನ ಅರ್ಥ ‘ಹಿಂಬಾಲಿಸುವುದು’. ಪಶ್ಚಾತ್ತಾಪ ಕೇಳದೆ ಚರ್ಚು ಹಂಚುವ ಕ್ಷಮೆಯನ್ನು ಅವರು ‘ಅಗ್ಗದ ಕೃಪೆ’ ಎಂದು ಕರೆದರು. ವಿಶ್ವಾಸವುಳ್ಳವನು ವಿಧೇಯನಾಗುತ್ತಾನೆ, ಸರಿ. ವಿಧೇಯನಾದವನಿಗಷ್ಟೇ ವಿಶ್ವಾಸವುಂಟು ಎಂಬುದು ಅವರ ವಾದ. ವಿಶ್ವಾಸ ಮತ್ತು ಸತ್ಕರ್ಮ ಎಂಬೆರಡನ್ನೂ ಜೊತೆಯಾಗಿಯೇ ಕೇಳುತ್ತಾ ಬೆಳೆದ ನಮಗೆ ಇದು ಹೊಸ ಮಾತಲ್ಲ. ಆದರೆ ಕೃಪೆಯೊಂದರಿಂದಲೇ ಮುಕ್ತಿ ಎಂದ ಲೂಥರನ ಪರಂಪರೆಯೊಳಗೆ ನಿಂತು, ಲೂಥರನ ಅಭಿಪ್ರಾಯವೂ ಇದೇ ಆಗಿತ್ತೆಂದು ಸಾಧಿಸುವುದು ಸಣ್ಣ ಧೈರ್ಯವಲ್ಲ.

ನಮ್ಮ ತಕರಾರು ಬೇರೆ. ಪುಟಗಳು ಸರಿದಂತೆ ಶಿಷ್ಯರು ಲೋಕದಿಂದ ಪ್ರತ್ಯೇಕಗೊಂಡ ಬಳಗವಾಗುತ್ತಾ ಹೋಗುತ್ತಾರೆ. ಬಳಗದ ಹೊರಗೆ ಏಟು ತಿನ್ನುತ್ತಿದ್ದ ಯಹೂದಿಯ ಗತಿಯೇನು? ಸರಕಾರದಿಂದ ಪೀಡಿತನಾದವನು ಕ್ರೈಸ್ತನಲ್ಲದಿದ್ದರೂ ಅವನ ಹೊಣೆ ಚರ್ಚಿನದು ಎಂದು 1933ರಲ್ಲೇ ಬರೆದವರೂ ಇವರೇ. ಇಲ್ಲಿ ಆ ದನಿ ತಗ್ಗಿದೆ.

ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದ ಬಾನ್‌ಹಾಫರ್, 1944ರ ಜುಲೈಯಲ್ಲಿ ಬರ್ಲಿನ್ನಿನ ಟೇಗಲ್ ಜೈಲಿನಿಂದ ಗೆಳೆಯನಿಗೆ ಪತ್ರ ಬರೆದು, ಈ ಕೃತಿಯಲ್ಲಿರುವ ಅಪಾಯಗಳು ತನಗೀಗ ಕಾಣುತ್ತಿವೆ ಎಂದರು; ಆದರೂ ಅದನ್ನು ಬಿಟ್ಟುಕೊಡಲಿಲ್ಲ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.